ಪಟ್ಟೆ ಬಿದ್ದ ಹುಲ್ಲುಹಾಸು

ಕ್ಲಬ್ಬಿನ ಹುಲ್ಲುಹಾಸು, ಹೊಸದಾಗಿ ಕತ್ತರಿ ಹಿಡಿದವನ ಕೈಗೆ ಸಿಕ್ಕ ತಲೆಯ ಹಾಗಾಗಿತ್ತು. ಹುಲ್ಲು ಕತ್ತರಿಸುವ ಗಾಡಿ ಹೋದಲ್ಲೆಲ್ಲ ಬಲಗಡೆ ನುಣ್ಣಗೆ, ಎಡಗಡೆ ಒರಟು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡ್ತೀನಿ ಅಂತ ಸೆಕ್ರೆಟರಿ ಮಾಲಿಗೆ ಹೇಳಿಬಿಟ್ಟಿದ್ದರು.

ಮೆಕ್ಯಾನಿಕ್ ಬ್ಲೇಡು ಬಿಚ್ಚಿ ನೋಡಿದ, ಚೂಪಾಗೇ ಇತ್ತು. ಚಕ್ರಗಳ ಗಾಳಿ ಎರಡೂ ಕಡೆ ಸಮ. ಮಟ್ಟ ಇಟ್ಟು ನೋಡಿದರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಅವನಿಗೆ ತಲೆ ಕೆಟ್ಟುಹೋಯಿತು.

"ಯಾವಾಗಿಂದ ಹೀಗೆ, ಯಜಮಾನ್ರೇ?"

"ಯುಗಾದಿ ಆದ್ಮೇಲೆ," ಅಂದರು ಮಾಲಿ. "ಅದಕ್ಕೆ ಮುಂಚೆ ಇಷ್ಟು ವರ್ಷದಲ್ಲಿ ಒಂದು ಗೆರೆ ಬಿದ್ದಿದ್ರೆ ಕೇಳಿ."

"ಎಲ್ಲಾದ್ರೂ ಗುದ್ದಿದ್ರಾ? ಬೇರೆ ಯಾರಾದ್ರೂ ಓಡಿಸಿದ್ರಾ?"

"ಇಲ್ಲಪ್ಪ. ಇಡೀ ಮೈದಾನಕ್ಕೆ ನಾನೊಬ್ಬನೇ."

"ಹತ್ತಿ, ಒಂದು ಸುತ್ತು ಹೊಡೀರಿ. ನೋಡೇಬಿಡೋಣ."

ಮಾಲಿ ಹತ್ತಿದರು. ಅಷ್ಟಗಲದ ಸೀಟಿನ ಬಲ ಅಂಚಿಗೆ ಮುದುರಿ ಕೂತು ಗಾಡಿ ಬಿಟ್ಟರು. ಗಾಡಿ ಬಲಕ್ಕೆ ವಾಲಿಕೊಂಡೇ ಹೊರಟಿತು. ಮೆಕ್ಯಾನಿಕ್‌ಗೆ ನಗು ತಡೆಯಲಾಗಲಿಲ್ಲ.

"ನಿಲ್ಸಿ, ನಿಲ್ಸಿ! ಗಾಡೀಲಿ ಏನೂ ಇಲ್ಲ. ನೀವು ಹಂಗೆ ಕೂತ್ರೆ ಭಾರವೆಲ್ಲ ಒಂದೇ ಕಡೆ ಬೀಳುತ್ತೆ. ನಡುವೆ ಕೂತ್ಕೊಳ್ಳಿ. ಯಾವಾಗಿಂದ ಈ ಅಭ್ಯಾಸ?"

"ಮೊದಲಿಂದ್ಲೂ ಹಿಂಗೇ ಕೂರೋದು."

"ಮತ್ತೆ ಆಗ ಗೆರೆ ಬೀಳ್ತಿರಲಿಲ್ಲ ಅಂದ್ರಲ್ಲ?"

ಮಾಲಿ ಪಕ್ಕದ ಖಾಲಿ ಜಾಗದಲ್ಲಿ ಬಿದ್ದಿದ್ದ ಹುಲ್ಲಿನ ಚೂರುಗಳನ್ನು ಅಂಗೈಯಿಂದ ಮೆಲ್ಲಗೆ ಸವರಿ ತೆಗೆದರು.

"ಆಗ ಈ ಕಡೆ ನಮ್ಮನೆಯವಳು ಕೂತಿರ್ತಿದ್ಲು, ಪೊರಕೆ ಹಿಡ್ಕೊಂಡು."