ಸಣ್ಣ ಅಕ್ಕೋರು

ಐದು ತರಗತಿಗೆ ಇದ್ದದ್ದು ಒಂದೇ ಕೋಣೆ, ಒಬ್ಬಳೇ ಶಿಕ್ಷಕಿ. ಆ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಅಕ್ಕೋರು’, ನಾನು. ದಿನವಿಡೀ ಮೂವತ್ತೊಂದು ಮಕ್ಕಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಆದರೂ ನನ್ನ ಸುಖ ದುಃಖ ಆಡಿಕೊಳ್ಳಲು ಅಲ್ಲೊಬ್ಬರೂ ಇರಲಿಲ್ಲ.

ಐದನೇ ತರಗತಿಯಲ್ಲಿದ್ದವಳು ಕಲ್ಲವ್ವ ಒಬ್ಬಳೇ. ಕಿಟಕಿಯ ಬಳಿ ಅವಳು ಒಂಟಿಯಾಗಿ ಕೂರುವುದನ್ನು ನೋಡಲಾರದೆ, ಜೂನ್ ತಿಂಗಳಲ್ಲೇ ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಒಂದನೇ ತರಗತಿಯವರಿಗೆ ಅಕ್ಷರ ಕಲಿಸಲು ಹೇಳಿದೆ. ಮಕ್ಕಳು ಅವಳನ್ನು ‘ಸಣ್ಣ ಅಕ್ಕೋರು’ ಎಂದೇ ಕರೆಯತೊಡಗಿದರು. ಕಿಟಕಿಯ ಬಳಿಯ ಅವಳ ಜಾಗ ಅಂದಿನಿಂದ ಖಾಲಿಯೇ ಉಳಿಯಿತು. ಮಧ್ಯಾಹ್ನ ನಾವಿಬ್ಬರೂ ಸಹೋದ್ಯೋಗಿಗಳ ಹಾಗೆ ಪಕ್ಕಪಕ್ಕ ಕುಳಿತು ಉಣ್ಣುತ್ತಿದ್ದೆವು.

ಮಾರ್ಚಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಒಂದನೇ ತರಗತಿಯ ಪುಟಾಣಿಗಳು ಪುಸ್ತಕ ತೆರೆದು ಪಟಪಟನೆ ಓದಿದರು.

“ಭಾರಿ ಓದ್ತೀರಲ್ರೋ! ಯಾರು ಕಲಿಸಿದ್ರು?”

“ಸಣ್ಣ ಅಕ್ಕೋರು!”

ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಕಲ್ಲವ್ವನ ಹೆಗಲ ಮೇಲೆ ಕೈಯಿಟ್ಟು, “ಇಕಿನ ನೋಡ್ರಿ ಸರ, ನನ್ನ ಜೋಡಿ” ಎಂದೆ.

ಸಾಹೇಬರು ನಕ್ಕು, ಐದನೇ ತರಗತಿಯ ಗಣಿತದ ಪುಸ್ತಕ ಎತ್ತಿಕೊಂಡರು. ಬೋರ್ಡಿನ ಮೇಲೆ ಭಿನ್ನರಾಶಿಯ ಸಣ್ಣದೊಂದು ಲೆಕ್ಕ ಬರೆದು, “ಇದನ್ನ ಬಿಡಸವಾ ನೋಡೋಣು” ಎಂದರು.

ಕಲ್ಲವ್ವ ಬೋರ್ಡನ್ನೇ ನೋಡುತ್ತ ನಿಂತಳು. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

“ಯಾಕವಾ, ಅಕ್ಕೋರು ಕಲಿಸಿಲ್ಲೇನು?”

ಅವಳು ಗಾಬರಿಯಾಗಿ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಪರವಾಗಿಯೇ ಹೇಳಿದಳು:

“ಅಕ್ಕೋರದು ತಪ್ಪಿಲ್ರಿ ಸರ. ಅವರು ಕಲಿಸಬೇಕಂದ್ರ ಐದನೇ ಕ್ಲಾಸಿನ್ಯಾಗ ಯಾರೂ ಕುಂತಿರೂದಿಲ್ರಿ.”