ಹುಣಸೆಹುಳಿ ತಾಗಿದ ಜರ್ಮನ್ ಕೋವಿ

ಹುಣಸೆಹುಳಿಯ ವಾಸನೆ ಬಂದರೆ ಈಗಲೂ ನಾನು ಚಿಕ್ಕವಳಿದ್ದಾಗಿನ, ಶಿಡ್ಲಘಟ್ಟದ ಮನೆಯ ಆ ಆಯುಧಪೂಜೆ ನೆನಪಾಗುತ್ತದೆ. ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವ, ತಾತನ ಹಳೆಯ ಜರ್ಮನ್ ಬೇಟೆ ಕೋವಿ ಜಗಲಿಯ ಮೇಲಿತ್ತು. ಅದರ ಕಪ್ಪುಗಟ್ಟಿದ ಕಬ್ಬಿಣದ ಪಟ್ಟಿಯ ಮೇಲೆ ಉಗುರಿನಷ್ಟು ಸಣ್ಣ ಜಿಂಕೆಯ ಕೆತ್ತನೆ. ಹಿತ್ತಾಳೆ ಬಿಂದಿಗೆಯಂತೆ ಅದನ್ನೂ ಫಳಫಳ ಮಾಡಲೇಬೇಕೆಂದು ಹಟ ಹಿಡಿದು, ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದೆ. ಜಿಂಕೆಯ ಒಂದು ಕಾಲು ಬೆಳ್ಳಗಾಯಿತು.

ತಾತ ಬಂದು ಕೈ ಹಿಡಿದರು.

"ಈ ಕಪ್ಪು ಬರೋಕೆ ನೂರೈವತ್ತು ವರ್ಷ ಹಿಡಿದೈತೆ ಕಣಮ್ಮ."

"ಹೊಸದರಂಗೆ ಕಾಣ್ಲಿ ಅಂತ, ತಾತ..."

"ಹೊಸದು ಅಂಗಡೀಲಿ ಸಿಗ್ತೈತೆ."

ಬೈಯಲಿಲ್ಲ. ಎಣ್ಣೆಬಟ್ಟೆ ಕೈಗಿಟ್ಟು, "ಇನ್ಮೇಲೆ ಇದನ್ನ ನೋಡ್ಕೊಳ್ಳೋದು ನೀನೇ" ಎಂದರು.

ಮದುವೆಯಾದ ಮೇಲೂ ಪ್ರತಿ ಆಯುಧಪೂಜೆಗೆ ತವರಿಗೆ ಹೋಗಿ ನಾನೇ ಒರೆಸಿದ್ದೇನೆ, ಒಂದು ವರ್ಷವೂ ಬಿಟ್ಟಿಲ್ಲ. ಜಿಂಕೆಯ ಆ ಕಾಲು ಮಾತ್ರ ಇನ್ನೂ ಕಪ್ಪಾಗಿಲ್ಲ.