ಒದ್ದೆ ತುರುಬು

ಕಸ್ತೂರಿ ಹಿತ್ತಿಲ ಬಾಗಿಲಿನಿಂದ ಒಳಗೆ ನುಸುಳಿ, ಸದ್ದಾಗದಂತೆ ಮೆಟ್ಟಿಲು ಹತ್ತಿ, ಕೋಣೆಯ ಅಗುಳಿ ಹಾಕಿಕೊಂಡಳು. ಕೆಳಗೆ ಪಡಸಾಲೆಯಲ್ಲಿ ಅತ್ತೆ ಮರುಳಸಿದ್ದಮ್ಮನ ಗೊರಕೆ ಇನ್ನೂ ನಿಂತಿರಲಿಲ್ಲ. ಗಡಿಯಾರದಲ್ಲಿ ನಾಲ್ಕೂ ಕಾಲು. ಗಂಡ ಶಿವಯೋಗಪ್ಪ ಐದಕ್ಕೆಲ್ಲ ಬಂದುಬಿಡುತ್ತಾನೆ.

ದಾರಿಯಲ್ಲಿ ಅವಸರಕ್ಕೆ ಸುತ್ತಿಕೊಂಡಿದ್ದ ತುರುಬು ಬಿಚ್ಚಿದಳು. ಬೆನ್ನ ಮೇಲೆ ನೀರು ತೊಟ್ಟಿಕ್ಕಿತು.

ಸೀರೆ ಬಸ್ಸಿನ ಕಿಟಕಿಯ ಗಾಳಿಗೆ ಮೈಮೇಲೆಯೇ ಒಣಗಿತ್ತು. ಸೊಂಟ ಮುಟ್ಟುವ ಕೂದಲು ಒಣಗಿರಲಿಲ್ಲ. ಬೆಳಿಗ್ಗೆ ಅತ್ತೆಯೇ ಬಾಚಿ, ಜಡೆ ಹೆಣೆದು ಕಳಿಸಿದ್ದರು. ಪಕ್ಕದ ಓಣಿಯ ನಾಗಕ್ಕನ ಮನೆಗೆ ಹೊಲಿಗೆ ಕಲಿಯಲು ಹೋದವಳು ತಲೆ ತೋಯಿಸಿಕೊಂಡು ಬಂದಳೆಂದರೆ ಏನು ಉತ್ತರ ಹೇಳುವುದು? ದಾವಣಗೆರೆಯ ಈ ಮಂಡಿಪೇಟೆಯಲ್ಲಿ ಮಳೆ ಬಿದ್ದು ತಿಂಗಳಾಗಿತ್ತು. ಕೂದಲಿನಲ್ಲಿ ಹೊಳೆಯ ವಾಸನೆ ಬೇರೆ.

ಅವಳು ಹರಿಹರಕ್ಕೆ ಹೋಗಿದ್ದಳು.

ಹರಿಹರದಲ್ಲಿ ಅವಳ ಅಕ್ಕ ಸರ್ವಮಂಗಳ ಇದ್ದಳು. ಬೇರೆ ಜಾತಿಯ ಪಾಲಯ್ಯ ಮೇಷ್ಟ್ರನ್ನು ಮೆಚ್ಚಿ ಮದುವೆಯಾದವಳು. ಕಸ್ತೂರಿ ಈ ಮನೆಗೆ ಬಂದ ವಾರದಲ್ಲೇ ಶಿವಯೋಗಪ್ಪ ಕೂರಿಸಿಕೊಂಡು ಹೇಳಿದ್ದ: “ಹರಿಹರದ ಹಾದಿ ಮರೆತುಬಿಡು. ಆ ಊರಿಗೆ ಕಾಲಿಟ್ಟಿ ಅಂದ್ರೆ ಮತ್ತೆ ಈ ಹೊಸ್ತಿಲು ತುಳೀಬ್ಯಾಡ. ಮನೆತನದ ಮರ್ಯಾದೆ ಪ್ರಶ್ನೆ ಐತೆ.”

ಉಳಿದ ಯಾವ ಮಾತಿಗೂ ಅವನು ದನಿ ಏರಿಸಿದವನಲ್ಲ. ಐದು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಒಂದು ದಿನ ಕೊರಗಿದವನಲ್ಲ. ಆದರೆ ಹರಿಹರದ ಹೆಸರು ಎತ್ತಿದರೆ ಮುಖ ಕಲ್ಲಾಗುತ್ತಿತ್ತು. ತವರಿನಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಈ ಹೊಸ್ತಿಲು ತಪ್ಪಿದರೆ ಕಸ್ತೂರಿಗೆ ಇನ್ನೊಂದು ಹೊಸ್ತಿಲಿರಲಿಲ್ಲ. ಹಾಗೆಂದು, ಅಕ್ಕ ಹದಿನೈದು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆಂದು ನಾಗಕ್ಕ ಕಿವಿಯಲ್ಲಿ ಹೇಳಿದ ಮೇಲೆ ಸುಮ್ಮನಿರುವುದು ಹೇಗೆ?

ಕಪಾಟಿನಿಂದ ಕೂದಲು ಒಣಗಿಸುವ ಯಂತ್ರ ತೆಗೆದಳು. ಹೋದ ವರ್ಷ ಮುಂಬಯಿಗೆ ಹೋದಾಗ ಶಿವಯೋಗಪ್ಪ ತಂದದ್ದು. ಜೊತೆಗೊಂದು ದುಂಡನೆಯ ಬ್ರಶ್ಶು. ದಾವಣಗೆರೆಯಲ್ಲಿ ಇನ್ನೊಬ್ಬರ ಮನೆಯಲ್ಲಿ ಇಂಥದ್ದಿಲ್ಲ ಎಂದು ಅತ್ತೆ ಬೀಗುತ್ತಿದ್ದರು. ಗುಂಡಿ ಒತ್ತಿದಳು. ಯಂತ್ರ ಗುರ್ರೆಂದಿತು.

ಕೂದಲನ್ನು ನಾಲ್ಕು ಪಾಲು ಮಾಡಿ, ಮೂರನ್ನು ಪಿನ್ನು ಸಿಕ್ಕಿಸಿ ಮೇಲಕ್ಕೆ ಕಟ್ಟಿದಳು. ಉಳಿದದ್ದನ್ನು ಬ್ರಶ್ಶಿಗೆ ಸುತ್ತಿ, ಬುಡದಿಂದ ತುದಿಗೆ ಎಳೆಯುತ್ತ ಬಿಸಿಗಾಳಿ ಹಿಡಿದಳು. ನಿಧಾನವಾಗಿ ಮಾಡಬೇಕಾದ ಕೆಲಸ. ಕಣ್ಣು ಮುಚ್ಚಿದರೆ ಹರಿಹರದ ಹೊಳೆಯ ಮೆಟ್ಟಿಲುಗಳೇ ಕಾಣುತ್ತಿದ್ದವು.

ಅಕ್ಕನನ್ನು ನೋಡಿ, ಜನ ಕಡಿಮೆಯೆಂದು ಹೊಳೆದಂಡೆಯ ಹಾದಿ ಹಿಡಿದಿದ್ದಳು. ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಅವಳ ಬೆನ್ನ ಹಿಂದೆ ಆಡುತ್ತಿದ್ದ ನಾಲ್ಕು ವರ್ಷದ ಹೆಣ್ಣುಮಗು ಕಾಲು ಜಾರಿ ಮಡುವಿಗೆ ಬಿತ್ತು. ಕಸ್ತೂರಿ ಹೊಳೆಸಾಲಿನ ಊರಲ್ಲಿ ಬೆಳೆದವಳು. ಯೋಚಿಸುವ ಮೊದಲೇ ನೀರಿನಲ್ಲಿದ್ದಳು. ಮಗುವನ್ನು ಎತ್ತಿ ತಂದು, ಬೆನ್ನು ತಟ್ಟಿ ನೀರು ಕಕ್ಕಿಸಿ, ತಾಯಿಯ ಮಡಿಲಿಗೆ ಹಾಕಿದಳು. ತಾಯಿ ಅಲ್ಲೇ ಪ್ರಜ್ಞೆ ತಪ್ಪಿ ಒರಗಿದಳು. ಜನ ಓಡಿಬಂದರು. “ಯಾರವ್ವ ನೀನು? ಯಾರ ಪೈಕಿ?” ಎಂದು ಯಾರೋ ಕೇಳಿದರು. ಕಸ್ತೂರಿ ಸೆರಗು ಹೊದ್ದು ಬಸ್ಸಿನ ಕಡೆಗೆ ಓಡಿದ್ದಳು.

ಬಾಗಿಲು ಬಡಿದ ಸದ್ದು. ಬೆಚ್ಚಿದಳು. ಬ್ರಶ್ಶು ತಿರುಚಿಕೊಂಡು ಕೂದಲಿನಲ್ಲಿ ಸಿಕ್ಕಿಬಿತ್ತು.

“ಏನವ್ವಾ ಅದು, ಗಿರಣಿ ಸದ್ದು? ಯಾವಾಗ ಬಂದಿ?” ಅತ್ತೆಯ ದನಿ.

“ಆಗ್ಲೇ ಬಂದ್ನಿ ಅತ್ತೇರೆ. ನೀವು ಮಲಗಿದ್ರಿ.”

“ಬಾಗಿಲು ಯಾಕ ಹಾಕ್ಕೊಂಡಿ?”

ಕಸ್ತೂರಿ ಬ್ರಶ್ಶನ್ನು ಜಗ್ಗಿದಳು. ಬರಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು.

“ಅವ್ರು ಬರೋದ್ರಾಗ ಕೂದ್ಲು ಸರಿ ಮಾಡ್ಕಂತೀನ್ರಿ.”

ಹೊರಗೆ ಅತ್ತೆ ನಕ್ಕರು. “ಮಾಡ್ಕ, ಮಾಡ್ಕ. ಅದನ್ನ ನೋಡ್ಯಾದ್ರೂ ಮನ್ಯಾಗ ನಿಲ್ಲಲಿ ನನ್ನ ಮಗ. ವಾರಕ್ಕ ಮೂರು ದಿನ ಹದಡಿ ಊರಾಗಿನ ಹೊಲಕ್ಕ ಅಂತ ಹೋಗಿಬಿಡ್ತಾನ.”

ಹೆಜ್ಜೆ ಸದ್ದು ಕೆಳಗಿಳಿಯಿತು. ಕಸ್ತೂರಿ ಕತ್ತರಿ ತೆಗೆದು, ಸಿಕ್ಕು ಬಿದ್ದಷ್ಟು ಕೂದಲನ್ನು ಕತ್ತರಿಸಿ ಬ್ರಶ್ಶು ಬಿಡಿಸಿದಳು. ಉಳಿದ ಮೂರು ಪಾಲೂ ಒಣಗಿದವು. ಮೊದಲಿನಂತೆ ಜಡೆ ಹೆಣೆದು, ಕತ್ತರಿಸಿದ ಜಾಗ ಒಳಗೆ ಮಾಡಿ, ಸೀರೆ ಬದಲಿಸಿ ಕೆಳಗಿಳಿದಳು. ಅತ್ತೆ ಜಡೆ ಸವರಿ, “ರೇಷ್ಮೆ ಆಗೈತೆ” ಎಂದರು. ಕಸ್ತೂರಿಗೆ ಉಸಿರು ಬಂತು.

ಐದೂವರೆಗೆ ಮನೆಯ ಮುಂದೆ ಬಾಡಿಗೆ ಕಾರು ನಿಂತಿತು. ಶಿವಯೋಗಪ್ಪ ಇಳಿದ. ಮುಖದಲ್ಲಿ ರಕ್ತವಿರಲಿಲ್ಲ. ಭುಜದ ಮೇಲೆ, ಅವನದೇ ಶಲ್ಯ ಸುತ್ತಿಕೊಂಡ ಮಗುವೊಂದು ಮಲಗಿತ್ತು.

“ನಮ್ಮ ಹದಡಿ ಹೊಲ ಮಾಡೋ ಮಲ್ಲೇಶಪ್ಪನ ಮಗಳು,” ಎಂದ. “ಇದರ ಅವ್ವಗ ಆರಾಮಿಲ್ಲ, ಆಸ್ಪತ್ರೆಗೆ ಸೇರಿಸ್ಯಾರ. ನೋಡಿಕೊಳ್ಳಾಕ ಯಾರೂ ಇಲ್ಲ. ಎರಡು ದಿನ ಇಲ್ಲೇ ಇರ್ಲಿ.”

“ಇರ್ಲಿ ಬಿಡಪ್ಪ, ಪಾಪ,” ಎಂದರು ಅತ್ತೆ.

ಕಸ್ತೂರಿ ಕೈ ಚಾಚಿದಳು. ಶಲ್ಯ ಸರಿಯಿತು. ಮಡುವಿನಿಂದ ಎತ್ತಿದ ಅದೇ ಮುಖ!

ಚಾಚಿದ ಕೈ ಹಿಂದಕ್ಕೆ ಬಂತು. ಮಲ್ಲೇಶಪ್ಪನ ಹೆಂಡತಿ ಬಟ್ಟೆ ಒಗೆಯಲು ಹರಿಹರಕ್ಕೆ ಯಾಕೆ ಹೋದಳು? ಕೇಳುವಂತಿಲ್ಲ. ಕೇಳಿದರೆ ತಾನು ಅಲ್ಲಿದ್ದದ್ದು ಬಯಲಾಗುತ್ತದೆ. ಮಗು ಎದ್ದು ಗುರುತು ಹಿಡಿದರೆ ಇದೇ ಹೊಸ್ತಿಲಿನಿಂದ ಈಗಲೇ ಹೊರಗೆ. ಕಸ್ತೂರಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನೀರು ತರುವ ನೆಪದಲ್ಲಿ ತಿರುಗಿದಳು.

“ಎಲ್ಲಿಗೆ ಹೊಂಟಿ? ಮಗೂನ ಹಿಡ್ಕ,” ಎಂದ ಶಿವಯೋಗಪ್ಪ.

ಆ ದನಿಗೆ ಮಗು ಕಣ್ಣು ಬಿಟ್ಟಿತು. ಕಸ್ತೂರಿಯನ್ನೇ ನೋಡಿತು. ಬೆರಳು ಎತ್ತಿತು. ಕಸ್ತೂರಿ ಗೋಡೆಗೆ ಆತುಕೊಂಡು ಕಣ್ಣು ಮುಚ್ಚಿದಳು.

ಮಗು ಶಿವಯೋಗಪ್ಪನ ಕೊರಳಿಗೆ ಜೋತುಬಿದ್ದು ಕೂಗಿತು: “ಅಪ್ಪಾಜಿ, ನನ್ನ ಹೊಳೆಯಾಗಿಂದ ಎತ್ತಿದ್ದು ಈ ಅಮ್ಮನೇ! ನಡಿ, ನಮ್ಮನಿಗೆ ಹೋಗಿ ಅವ್ವಗ ಹೇಳಾನ!”